ಎದುರು ಬರುವವನ ದೀಪ

ಮನೆ ಕಟ್ಟಿಸಿದವರೆಲ್ಲ ಬಲ್ಲ ಮಾತೊಂದುಂಟು. ಗೋಡೆ ಎದ್ದು ಸೂರು ಮುಚ್ಚಿದೊಡನೆ ಕೆಲಸ ಮುಗಿದಂತೆ ತೋರುತ್ತದೆ; ನಿಜವಾದ ತಾಪತ್ರಯ ಆರಂಭವಾಗುವುದು ಬಾಗಿಲು ಕಿಟಕಿಗಳ ಕಾಲಕ್ಕೆ. ತಮ್ಮ ಕೈಯಾರೆ ಮೋಟಾರು ಗಾಡಿಯನ್ನು ಕಟ್ಟಿಕೊಳ್ಳುವವರ ಅನುಭವವೂ ಹೀಗೆಯೇ. ಚೌಕಟ್ಟು ನಿಂತಿದೆ, ಇಂಜಿನ್ನು ಗುಡುಗಿದೆ, ಚಕ್ರ ಉರುಳಿದೆ. ಉಳಿದಿರುವುದು ಮುಂದಿನ ಎರಡು ಮಡ್‌ಗಾರ್ಡು, ಎರಡು ಹೆಡ್‌ಲೈಟು. ಒಂದು ಭಾನುವಾರದ ಕೆಲಸವೆಂದು ಒಡೆಯನು ಎಣಿಸುತ್ತಾನೆ. ಹಲವು ಭಾನುವಾರಗಳು ಅದಕ್ಕೇ ಮೀಸಲಾಗುತ್ತವೆ.

ಮೋಟಾರನ್ನು ಮನೆಯಲ್ಲಿ ಕಟ್ಟುವುದೇ ಎಂದು ಹುಬ್ಬೇರಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಇದು ಹಳೆಯ ಹವ್ಯಾಸ. 1957ರಲ್ಲಿ ಕಾಲಿನ್ ಚಾಪ್ಮನ್ನರ ಲೋಟಸ್ ಕಂಪನಿಯು ‘ಸೆವೆನ್’ ಎಂಬ ಹಗುರವಾದ ಪುಟ್ಟ ಗಾಡಿಯನ್ನು ಹೊರತಂದಿತು. ಸಿದ್ಧವಾದ ಮೋಟಾರನ್ನು ಕೊಂಡರೆ ಖರೀದಿ ತೆರಿಗೆ ತೆರಬೇಕಾಗಿತ್ತು. ಬಿಡಿಭಾಗಗಳಾಗಿ ಕೊಂಡು ತಾನೇ ಜೋಡಿಸಿಕೊಂಡವನಿಗೆ ಆ ಹೊರೆಯಿರಲಿಲ್ಲ. ಜೋಡಿಸುವ ಕ್ರಮವನ್ನು ಬರೆದು ಕೊಡಲು ಕಾನೂನು ಅಡ್ಡಿಯಾದುದರಿಂದ, ಬಿಚ್ಚುವ ಕ್ರಮವನ್ನು ಅಚ್ಚು ಹಾಕಿಸಿ, ಕೊನೆಯಿಂದ ಮೊದಲಿಗೆ ಓದಿಕೊಳ್ಳಲು ಬಿಟ್ಟರೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. 1973ರಲ್ಲಿ ಆ ತೆರಿಗೆ ರದ್ದಾಯಿತು. ಅದೇ ವರ್ಷ ಸೆವೆನ್ ಗಾಡಿಯ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಸೇರಿತು. ತೆರಿಗೆಯ ಲಾಭ ಹೋಯಿತು, ಹವ್ಯಾಸ ಹೋಗಲಿಲ್ಲ. ಅದೇ ಆಕಾರದ ಗಾಡಿಗಳು ಇಂದಿಗೂ ಮನೆಗಳ ಪಕ್ಕದ ಶೆಡ್ಡುಗಳಲ್ಲಿ ಹುಟ್ಟುತ್ತಿವೆ.

ಈ ಗಾಡಿಯ ಮುಂದಿನ ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿರುತ್ತವೆ. ಅವುಗಳ ಹೊದಿಕೆಯನ್ನು ಇಂಗ್ಲಿಷರು ‘ರೆಕ್ಕೆ’ ಎಂದು ಕರೆಯುತ್ತಾರೆ; ನಮಗದು ಮಡ್‌ಗಾರ್ಡು. ಅದರಲ್ಲಿ ಎರಡು ಬಗೆ. ಅಗಲವಾಗಿ ಹಿಂದಕ್ಕೆ ಇಳಿಯುವುದು ಒಂದು; ಅದನ್ನು ಗಾಡಿಯ ಮೈಗೇ ಬಿಗಿಯುತ್ತಾರೆ, ಅದು ಅಲುಗದು. ಸೈಕಲ್ಲಿನ ಮಡ್‌ಗಾರ್ಡನ್ನು ಹೋಲುವುದು ಇನ್ನೊಂದು. ಇದು ಚಕ್ರವನ್ನು ಹೊತ್ತ ಭಾಗಕ್ಕೇ ಉಕ್ಕಿನ ಆಧಾರಗಳಿಂದ ಅಂಟಿಕೊಂಡಿರುವುದರಿಂದ ಚಕ್ರ ಹೊರಳಿದತ್ತ ತಾನೂ ಹೊರಳುತ್ತದೆ, ಚಕ್ರ ಎಗರಿದರೆ ತಾನೂ ಎಗರುತ್ತದೆ.

ನೋಟಕ್ಕೆ ಸುಲಭವಾದ ಈ ಎರಡನೆಯ ಬಗೆಯೇ ತಾಳ್ಮೆಯನ್ನು ಹೆಚ್ಚಾಗಿ ಬೇಡುತ್ತದೆ. ಬಲ್ಲವರು ಟೈರಿನ ಮೇಲೆ ಒಂದೇ ದಪ್ಪದ ಮರದ ತುಂಡುಗಳನ್ನು ಅಂಟಿಸಿ, ಅವುಗಳ ಮೇಲೆ ಮಡ್‌ಗಾರ್ಡನ್ನು ಕೂರಿಸಿ ಗುರುತು ಹಾಕುತ್ತಾರೆ. ಹೀಗೆ ಮಾಡಿದರೆ ಟೈರಿಗೂ ಅದಕ್ಕೂ ನಡುವಿನ ಸಂದು ಎಲ್ಲೆಡೆಯೂ ಸಮನಾಗಿ ಬರುತ್ತದೆ. ಆದರೆ ಗಾಡಿ ಜಾಕಿಯ ಮೇಲೆ ನಿಂತಿರುವಾಗ ಎಲ್ಲವೂ ಸರಿಯೆಂದು ನಂಬುವಂತಿಲ್ಲ. ಗಾಡಿಯನ್ನು ನೆಲಕ್ಕಿಳಿಸಿ, ಒಬ್ಬರನ್ನು ಒಳಗೆ ಕೂರಿಸಿ, ಸ್ಟೀರಿಂಗನ್ನು ಎಡಬಲಗಳ ಕೊನೆಯವರೆಗೂ ತಿರುಗಿಸಿ ನೋಡಬೇಕು. ಮಡ್‌ಗಾರ್ಡಿನ ಅಂಚು ದೀಪಕ್ಕೋ ಮೈಗೋ ತಾಗುವುದು ಕಾಣುವುದು ಆಗಲೇ. ನಾಜೂಕಾದ ಫೈಬರ್‌ಗ್ಲಾಸಿಗೆ ರಂಧ್ರ ಕೊರೆಯುವಾಗ ಮೇಲ್ಪದರ ಎದ್ದು ಬಾರದಂತೆ ಮೊದಲು ಅಂಟುಪಟ್ಟಿ ಹಚ್ಚಿ, ಸಣ್ಣ ರಂಧ್ರದಿಂದ ದೊಡ್ಡದಕ್ಕೆ ಹೋಗಬೇಕು. ಬೋಲ್ಟಿನ ಅಡಿಗೆ ಅಗಲವಾದ ವಾಷರು ಇಡದಿದ್ದರೆ ರಸ್ತೆಯ ಅದುರಿಗೆ ಬಿರುಕು ಬಿಡುವುದು ಖಂಡಿತ.

ಇನ್ನು ದೀಪಗಳು. ಗಾಡಿ ಬಹಳ ಕುಳ್ಳು. ಬ್ರಿಟನ್ನಿನ ಕಾನೂನಾದರೋ ತಗ್ಗಿಸಿದ ಬೆಳಕಿನ ದೀಪವು ನೆಲದಿಂದ 500 ಮಿಲಿಮೀಟರಿಗಿಂತ ಕೆಳಗಿರಕೂಡದೆಂದೂ, ಗಾಡಿಯ ಹೊರ ಅಂಚಿನಿಂದ 400 ಮಿಲಿಮೀಟರಿಗಿಂತ ಹೆಚ್ಚು ಒಳಗಿರಕೂಡದೆಂದೂ ಹೇಳುತ್ತದೆ. ಇದರ ಅರ್ಥ ಸರಳ. ಕತ್ತಲಲ್ಲಿ ಎದುರಿನವನು ಕಾಣುವುದು ಗಾಡಿಯನ್ನಲ್ಲ, ಎರಡು ಬೆಳಕುಗಳನ್ನು. ಅವುಗಳಿಂದಲೇ ಅವನು ಗಾಡಿಯ ಅಗಲವನ್ನು ಊಹಿಸಬೇಕು. ದೀಪಗಳೆರಡೂ ಮೂಗಿನ ಬಳಿ ಒತ್ತಾಗಿ ನಿಂತರೆ ಅವನ ಊಹೆ ತಪ್ಪುತ್ತದೆ.

ದೀಪ ಬಿಗಿದು ತಂತಿ ಸೇರಿಸಿದ ಮೇಲೂ ಬೆಳಕು ಮಂಕಾಗಿ ಉರಿಯುವುದುಂಟು. ಹೊಸಬನು ಬಲ್ಬನ್ನು ಬೈಯುತ್ತಾನೆ, ಬ್ಯಾಟರಿಯನ್ನು ಬದಲಿಸುತ್ತಾನೆ. ತಪ್ಪು ಬೇರೆಡೆ ಇರುತ್ತದೆ. ಉಕ್ಕಿನ ಮೈಯುಳ್ಳ ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಗೆ ಹಿಂದಿರುಗುವುದು ಮೈಯ ಮೂಲಕವೇ. ಫೈಬರ್‌ಗ್ಲಾಸಿನಲ್ಲಿ ವಿದ್ಯುತ್ತು ಹರಿಯದು. ಬಣ್ಣ ಬಳಿದ ಆಧಾರವೂ ಅದನ್ನು ತಡೆಯುತ್ತದೆ. ಪ್ರತಿಯೊಂದು ದೀಪಕ್ಕೂ ಚೌಕಟ್ಟಿನವರೆಗೆ ಪ್ರತ್ಯೇಕವಾದ ಅರ್ತ್ ತಂತಿ ಎಳೆದು, ಅದನ್ನು ಬಿಗಿಯುವ ಜಾಗದಲ್ಲಿ ಬಣ್ಣವನ್ನು ಕೆರೆದು ತೆಗೆದರೆ ಬೆಳಕು ತಾನಾಗಿ ಅರಳುತ್ತದೆ.

ಬೆಳಕು ಬಂದರೆ ಸಾಲದು. ಅದು ಎಲ್ಲಿ ಬೀಳುತ್ತದೆಂಬುದೇ ಮುಖ್ಯ. ಸಮತಟ್ಟಾದ ನೆಲದಲ್ಲಿ, ಚಾಲಕನು ಕುಳಿತಿರುವಾಗ, ಗಾಡಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸುತ್ತಾರೆ. ತಗ್ಗಿಸಿದ ಬೆಳಕಿನ ಮೇಲಂಚು 10 ಮೀಟರು ದೂರದಲ್ಲಿ ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರು ಕೆಳಗೆ ಬಂದರೆ ಲೇಸು. ಎಡಬದಿಯಲ್ಲಿ ವಾಹನ ಓಡಿಸುವ ದೇಶದಲ್ಲಿ ಬೆಳಕು ಎಡ ಅಂಚಿನ ಕಡೆಗೆ ಕೊಂಚ ಮೇಲೇರುತ್ತದೆ. ಬಲಬದಿಯ ದೇಶಕ್ಕಾಗಿ ಮಾಡಿದ ದೀಪವನ್ನು ಅಗ್ಗವೆಂದು ತಂದು ಕೂರಿಸಿದರೆ ಆ ಏರು ನೇರವಾಗಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ.

ಇಂಥ ಗಾಡಿ ರಸ್ತೆಗಿಳಿಯುವ ಮೊದಲು ಬ್ರಿಟನ್ನಿನಲ್ಲಿ ಸರ್ಕಾರಿ ಪರೀಕ್ಷೆಗೆ ನಿಲ್ಲಬೇಕು. ಈ ಬಗೆಯ ಪರೀಕ್ಷೆ 1998ರಲ್ಲಿ ಮೊದಲಾಯಿತು. 2009ರಿಂದ ಇನ್ನೂ ಕಟ್ಟುನಿಟ್ಟಾದ ಹೊಸ ರೂಪದಲ್ಲಿ ನಡೆದುಬಂದಿದೆ. ಪರೀಕ್ಷಕರು ಇಂಜಿನ್ನಿನ ಬಲವನ್ನು ಕಂಡು ಬೆರಗಾಗುವುದಿಲ್ಲ. ಅವರು ಮಡ್‌ಗಾರ್ಡಿನ ಅಂಚನ್ನು ಅಳೆಯುತ್ತಾರೆ. ದಾರಿಹೋಕನಿಗೆ ತಾಗಬಹುದಾದ ಅಂಚು ಚೂಪಾಗಿರದೆ ಸಾಕಷ್ಟು ಗುಂಡಗಿರಬೇಕು. ಆದುದರಿಂದಲೇ ಅಂಚಿಗೆ ರಬ್ಬರು ಪಟ್ಟಿ, ನಟ್ಟಿಗೆ ಪ್ಲಾಸ್ಟಿಕ್ಕಿನ ಟೋಪಿ ಏರುತ್ತವೆ. ವರ್ಷಗಟ್ಟಲೆ ದುಡಿದವನ ಗಾಡಿ ಇಷ್ಟು ಸಣ್ಣ ವಿಷಯಕ್ಕಾಗಿ ಮನೆಗೆ ಮರಳಬಹುದು. ಆಗ ಅವನಿಗೆ ಸಿಟ್ಟು ಬರುವುದೂ ಸಹಜವೇ.

ಸಿಟ್ಟು ಇಳಿದ ಮೇಲೆ ಯೋಚಿಸಿದರೆ ನ್ಯಾಯ ಹೊಳೆಯುತ್ತದೆ. ಇಂಜಿನ್ನಿನ ಗುಡುಗು, ಓಟದ ಸೊಗಸು ಒಡೆಯನ ಪಾಲಿನವು. ಮಡ್‌ಗಾರ್ಡು ತಡೆಯುವ ಕಲ್ಲು ಮಾತ್ರ ಹಿಂದೆ ಬರುವವನಿಗೆ ಬೀಳಬಹುದಾಗಿದ್ದುದು. ತಗ್ಗಿದ ದೀಪವು ಕಾಯುವ ಕಣ್ಣು ಎದುರು ಬರುವವನದು. ತನ್ನ ಸಂತೋಷಕ್ಕಾಗಿ ಕಟ್ಟಿದ ಗಾಡಿಯಲ್ಲಿ, ಹೆಸರು ತಿಳಿಯದ ಅಪರಿಚಿತನಿಗಾಗಿ ಮಾಡುವ ಕೆಲಸವೇ ಕೊನೆಗೆ ಉಳಿದಿರುತ್ತದೆ. ಆ ಕೆಲವು ಭಾನುವಾರಗಳು ವ್ಯರ್ಥವೆಂದು ಯಾರು ಹೇಳಿಯಾರು?