ತಂಡ ಅವ್ರದ್ದಂತೆ, ಹಂಗಾದ್ರೆ ನಾವ್ಯಾರು?

ಹೋದ ವರ್ಷ, 2025ರ ಆಗಸ್ಟ್ 4, ಸೋಮವಾರ. ಮುದ್ದೆಗೆ ಎಸರಿಟ್ಟು ನಿಂತಿದ್ದೆ. ನನ್ನ ಮಗ ಮೊಬೈಲ್ ಹಿಡ್ಕೊಂಡು ಅಡುಗೆಮನೆಗೆ ಬಂದೋನು, "ಅಮ್ಮಾ, ಸಂಬಳ ನಿಲ್ಸಿಬಿಟ್ರಂತೆ" ಅಂದ. ನಾನು ಬಾಯಿ ಬಿಡೋಕೆ ಮುಂಚೆನೇ ಹಜಾರದ ಮಂಚದಿಂದ ನಮ್ಮ ಮಾವನವರ ದನಿ ಬಂತು: "ಯಾವ ಶಾಫ್ಟಿನೋರಿಗಪ್ಪಾ?"

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಷ್ಟು ವರ್ಷ ಆದ್ರೂ "ಸಂಬಳ ನಿಂತೋಯ್ತು" ಅನ್ನೋ ಮಾತು ಕಿವಿಗೆ ಬಿದ್ರೆ ಆ ಮನುಷ್ಯನಿಗೆ ಚಾಂಪಿಯನ್ ರೀಫ್ಸೇ ಕಣ್ಣೆದುರಿಗೆ ಬರೋದು. ಮಗ ಹೋಗಿ ಪಕ್ಕದಲ್ಲಿ ಕೂತು ಹೇಳ್ದ, "ಗಣಿ ಅಲ್ಲ ತಾತ, ನಮ್ಮ ಬೆಂಗಳೂರು ಎಫ್‌ಸಿ. ಆಟಗಾರರಿಗೂ ಸಿಬ್ಬಂದಿಗೂ ಸಂಬಳ ನಿಲ್ಸಿದಾರೆ. ಯಾವಾಗಿನವರೆಗೂ ಅಂತ ಹೇಳಿಲ್ಲ." ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಅಷ್ಟೇ ಬಿಡು" ಅಂದ್ರು.

ಅದೂ ಅಷ್ಟೇನಾ? ಅವತ್ತಿಂದ ನನ್ನ ತಲೇಲಿ ಇದೇ ಕೊರೀತಾ ಐತೆ. ಮೊನ್ನೆ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮಾತು ಬಂದಾಗ ಒಬ್ಬರು ನಕ್ಕು, "ಮತ್ತೆ ಆಟ ಶುರುವಾಯ್ತಲ್ಲಮ್ಮ, ಇನ್ನೂ ಏನು ನಿಂದು ಗೋಳು? ಗಂಡುಡುಗ್ರ ಚೆಂಡಾಟ ಅದು" ಅಂದ್ರು. ಅಕ್ಕಂದಿರೆ, ಅತ್ತಿಗೇರೆ, ಅವರಿಗೆ ಅಲ್ಲಿ ಉತ್ತರ ಹೇಳೋಕಾಗ್ಲಿಲ್ಲ, ಸಾಲದ ಲೆಕ್ಕ ಬರೀಬೇಕಿತ್ತು. ಇಲ್ಲಿ ಹೇಳ್ತೀನಿ.

ಮೊದಲು ನಾನು ಹೆಂಗೆ ಈ ಹುಚ್ಚಿಗೆ ಬಿದ್ದೆ ಅಂತ ಹೇಳ್ಬಿಡ್ತೀನಿ. ಮಗನಿಗೆ ಆಗ ಹತ್ತು ವರ್ಷ, ಒಬ್ಬನ್ನೇ ಕಳ್ಸೋಕಾಗ್ದೆ ಜೊತೆಗೆ ಹೋದೆ. 2018ರ ಮಾರ್ಚ್ 17, ಕಂಠೀರವದಲ್ಲಿ ಫೈನಲ್. ಬಂಗಾರಪೇಟೆಯಿಂದ ರೈಲು ಹತ್ತಿ, ಚಿತ್ರಾನ್ನದ ಡಬ್ಬಿ ಬ್ಯಾಗಲ್ಲಿ ಇಟ್ಕೊಂಡು ಹೋದೋಳು ನಾನು. ಸುನಿಲ್ ಚೆಟ್ರಿ ಮೊದಲ ಗೋಲ್ ಹೊಡೆದಾಗ ಪಕ್ಕದಲ್ಲಿ ಕೂತಿದ್ದ ಗುರುತೇ ಇಲ್ದಿರೋ ಹೆಣ್ಮಗಳು ನನ್ನನ್ನ ತಬ್ಕೊಂಡ್ಳು. ಆಮೇಲೆ ಚೆನ್ನೈನೋರು 3-2ರಲ್ಲಿ ಗೆದ್ರು, ಅದು ಬೇರೆ ಮಾತು. ಕೆ.ಆರ್. ಪುರದ ನಾದಿನಿ ಮನೇಲಿ ಮಲಗಿ ಬೆಳಿಗ್ಗೆ ರೈಲಿಗೆ ಬರೋವಾಗ ಮಗ ಕಿಟಕಿ ಕಡೆ ಮುಖ ಮಾಡ್ಕೊಂಡು ಅಳ್ತಿದ್ದ. ನಾನೂ ಸೆರಗಲ್ಲಿ ಕಣ್ಣೊರೆಸಿಕೊಂಡೆ, ದೂಳು ಬಿತ್ತು ಅಂತ ಸುಳ್ಳು ಹೇಳ್ದೆ. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈನಲ್ಲಿ ಗೋವಾ ತಂಡದ ಮೇಲೆ ರಾಹುಲ್ ಭೇಕೆ 117ನೇ ನಿಮಿಷದಲ್ಲಿ ತಲೆ ಕೊಟ್ಟು ಗೋಲ್ ಹಾಕಿ ಕಪ್ ತಂದಾಗ ನಾನು ಕಿರುಚಿದ ದನಿಗೆ ಎದುರುಮನೆ ಅಜ್ಜಿ ಏನಾಯ್ತೋ ಅಂತ ಓಡಿ ಬಂದಿದ್ರು. ಅಜ್ಜಿ, ನೀವು ಇದನ್ನ ಓದ್ತಿದ್ರೆ, ಅವತ್ತಿನ ತಪ್ಪು ನಂದೇ.

ಈಗ ವಿಷಯಕ್ಕೆ ಬರ್ತೀನಿ. ಈ ತಂಡದ ಯಜಮಾನರು ಜೆಎಸ್‌ಡಬ್ಲ್ಯೂ ಗುಂಪು. ಬಳ್ಳಾರಿ ಕಡೆ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸೋರು. ದಿಲ್ಲಿ ಐಪಿಎಲ್ ಕ್ರಿಕೆಟ್ ತಂಡದಲ್ಲೂ ಪಾಲುದಾರರು. 2013ರಲ್ಲಿ ಈ ತಂಡ ಕಟ್ಟಿದ್ರು. ಒಳ್ಳೇದು ಮಾಡಿಲ್ಲ ಅಂತ ನಾನು ಹೇಳಲ್ಲ. ಮೊದಲನೇ ವರ್ಷವೇ ಐ-ಲೀಗ್ ಗೆದ್ರು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋದ್ರು, ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿವರೆಗೂ ಹೋಗಿರ್ಲಿಲ್ಲ. 2022ರಲ್ಲಿ ಡ್ಯುರಾಂಡ್ ಕಪ್ ತಂದ್ರು. ಚಿಕ್ಕ ಹುಡುಗರಿಗೆ ಆಟ ಕಲಿಸೋ ಶಾಲೆಗಳನ್ನ ನಡೆಸ್ತಾರೆ. ಸಂಬಳ ನಿಲ್ಸಿದಾಗಲೂ ಆ ಶಾಲೆಗಳನ್ನ, ಎಳೆಯರ ತಂಡಗಳನ್ನ ಮುಟ್ಟಲ್ಲ ಅಂತ ಹೇಳಿದ್ರು. ಅದನ್ನೂ ಒಪ್ತೀನಿ.

ಸಂಬಳ ಯಾಕೆ ನಿಂತಿತು ಅಂದ್ರೆ, ಅದೊಂದು ಕರಾರಿನ ಕತೆ. ದೇಶದ ಫುಟ್‌ಬಾಲ್ ಫೆಡರೇಶನ್ನು 2010ರ ಡಿಸೆಂಬರ್‌ನಲ್ಲಿ 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ, ಆಟ ನಡೆಸೋ ಹಕ್ಕನ್ನ ರಿಲಯನ್ಸ್ ಪಾಲಿದ್ದ ಕಂಪನಿಗೆ ಬರೆದುಕೊಟ್ಟಿತ್ತು. 2014ರಿಂದ ಐಎಸ್‌ಎಲ್ ನಡೆದಿದ್ದು ಅದರ ಮೇಲೇನೇ. ಆ ಕರಾರು 2025ರ ಡಿಸೆಂಬರ್ 8ಕ್ಕೆ ಮುಗೀತಿತ್ತು. 15 ವರ್ಷ ಮೊದಲೇ ಗೊತ್ತಿದ್ದ ತಾರೀಖು! ಮನೆ ಬಾಡಿಗೆ ಕರಾರು 11 ತಿಂಗಳಿಗೆ ಮುಗಿಯೋದಾದ್ರೆ ನಾವು ಒಂಬತ್ತನೇ ತಿಂಗಳಲ್ಲೇ ಓನರಮ್ಮನ ಬಾಗಿಲು ತಟ್ತೀವಿ. ಇವರು ತಟ್ಟಿ ಮುಗಿಸ್ಲೇ ಇಲ್ಲ. ಫೆಡರೇಶನ್ನಿನ ಸಂವಿಧಾನದ ಕೇಸು ಸುಪ್ರೀಂ ಕೋರ್ಟಲ್ಲಿತ್ತು, ಹೊಸ ಕರಾರು ಆಗ್ಲಿಲ್ಲ. ಜುಲೈನಲ್ಲಿ ಲೀಗ್ ತಡೆಹಿಡಿದ್ರು, ಆಗಸ್ಟಲ್ಲಿ ನಮ್ಮೋರು ಸಂಬಳ ನಿಲ್ಸಿದ್ರು. ಆಮೇಲೆ ಟೆಂಡರ್ ಕರೆದ್ರೆ ನವೆಂಬರ್ 7ರ ಹೊತ್ತಿಗೆ ಒಬ್ಬರೂ ಬಿಡ್ ಹಾಕ್ಲಿಲ್ಲ. ಜನವರಿಯಲ್ಲಿ ಚೆಟ್ರಿ, ಗುರ್‌ಪ್ರೀತ್ ಥರದ ದೊಡ್ಡ ಆಟಗಾರರೇ ವಿಡಿಯೋ ಮಾಡಿ, ನಮ್ಮ ಆಟ ಉಳಿಸ್ರಪ್ಪಾ ಅಂತ ಫಿಫಾನ ಕೇಳ್ಕೋಬೇಕಾಯ್ತು. ಕೊನೆಗೆ ಸರ್ಕಾರ ಮಧ್ಯೆ ಬಂದು, 2026ರ ಫೆಬ್ರವರಿ 14ರಿಂದ 14 ತಂಡ, 91 ಪಂದ್ಯ ಅಂತ ಮೊಟಕು ಮಾಡಿದ ಸೀಸನ್ ಶುರುವಾಯ್ತು.

ಇದರಲ್ಲಿ ಯಜಮಾನರ ತಪ್ಪೇನು, ಫೆಡರೇಶನ್ನಿಂದಲ್ವಾ ಅಂತೀರಿ. ಮೂಲ ತಪ್ಪು ಅವರದ್ದೇ, ಒಪ್ತೀನಿ. ಆಟ ಇಲ್ಲ ಅಂದ್ರೆ ಟಿಕೆಟಿಲ್ಲ, ಟಿವಿ ದುಡ್ಡಿಲ್ಲ, ಅದೂ ಗೊತ್ತು. ಆದ್ರೆ ಕಷ್ಟ ಬಂದಾಗ ಮೊದಲು ಯಾರ ತಟ್ಟೆಗೆ ಕೈ ಹಾಕಿದ್ರು ನೋಡಿ. ಚೆಟ್ರಿಯಂಥೋರು ತಡ್ಕೋತಾರೆ. ಸಿಬ್ಬಂದಿ ಅಂದ್ರೆ ಯಾರು? ಕಿಟ್ ಹೊರೋನು, ಕಾಲು ನೀವೋನು, ತಿಂಗಳು ಮುಗಿದ್ರೆ ಬಾಡಿಗೆ ಕಟ್ಟೋರು. ಅಂಥವರಿಗೂ ಸೇರಿಸಿ ನಿಲ್ಸಿದ್ರಲ್ಲ! ಮನೇಲಿ ದುಡ್ಡು ಕಮ್ಮಿ ಬಂದ್ರೆ ನಾವೇನು ಮಾಡ್ತೀವಿ? ಮೊದಲು ನಮ್ಮ ಸೀರೆ ನಿಲ್ಲುತ್ತೆ, ಹಬ್ಬದ ಖರ್ಚು ನಿಲ್ಲುತ್ತೆ. ಮನೆಗೆಲಸಕ್ಕೆ ಬರೋ ಹೆಂಗಸಿನ ಸಂಬಳ ನಿಲ್ಲೋದು ಕಟ್ಟಕಡೆಗೆ. ದೇಶದ ದೊಡ್ಡ ಉಕ್ಕಿನ ಗುಂಪಿಗೆ ಇದನ್ನ ಬಂಗಾರಪೇಟೆ ಹೆಂಗಸು ಹೇಳ್ಕೊಡಬೇಕಾ?

ಇನ್ನೊಂದು ಮಾತು ಬರುತ್ತೆ, ಅದೇ ನನಗೆ ಉರಿ ಹತ್ತಿಸೋದು. "ದುಡ್ಡು ಹಾಕೋರು ಅವರು, ತಂಡ ಅವರದ್ದು. ಬೇಕಂದ್ರೆ ನಡೆಸ್ತಾರೆ, ಬೇಡಂದ್ರೆ ಮುಚ್ತಾರೆ, ನಿನಗೇನು?"

ಹಂಗಾದ್ರೆ ನಮ್ಮೂರ ಹಾಲಿನ ಡೈರಿ ಯಾರದ್ದು, ಹೇಳಿ. ಕ್ಯಾನು ಡೈರಿದು, ಕಟ್ಟಡ ಡೈರಿದು, ಲಾರಿ ಒಕ್ಕೂಟದ್ದು. ಆದ್ರೆ ದಿನಾ ಬೆಳಿಗ್ಗೆ ಸಂಜೆ ಹಾಲು ಹಾಕೋಳು ನಮ್ಮ ಚಿಕ್ಕಮ್ಮ, ಅವಳಿಗೊಂದು ಷೇರು ಐತೆ, ಓಟೈತೆ. ವರ್ಷಕ್ಕೊಂದು ಸಲ ಸರ್ವಸದಸ್ಯರ ಸಭೇಲಿ ಎದ್ದು ನಿಂತು, "ಫ್ಯಾಟ್ ಕಮ್ಮಿ ಯಾಕೆ ಬರೀತೀಯ? ಬೋನಸ್ ಎಲ್ಲಿ?" ಅಂತ ಕಾರ್ಯದರ್ಶಿಗೆ ಬೆವರಿಳಿಸ್ತಾಳೆ. ಎರಡು ಹಸು ಕಟ್ಟಿರೋಳಿಗೆ ಇರೋ ಹಕ್ಕು ಹತ್ತು ವರ್ಷ ಸ್ಟೇಡಿಯಂ ತುಂಬಿಸಿದ ಅಭಿಮಾನಿಗೆ ಇಲ್ಲ. ಅವರು ಸೀಸನ್ ಟಿಕೆಟ್ ಕೊಳ್ಳಬೇಕು, ನೀಲಿ ಜೆರ್ಸಿ ಕೊಳ್ಳಬೇಕು, ಗಂಟಲು ಹರಕೊಂಡು ಕೂಗಬೇಕು. ವೆಸ್ಟ್ ಬ್ಲಾಕಲ್ಲಿ ಆ ಹುಡುಗರು ಆಟ ಶುರುವಿಂದ ಕೊನೆವರೆಗೂ ಹಾಡೋದನ್ನ ನಾನೇ ಕಂಡಿದೀನಿ. ಟಿವಿಯಲ್ಲಿ ಅವರ ಹಾಡು ಬೇಕು, ಅವರ ಡೋಲು ಬೇಕು. ತೀರ್ಮಾನದ ಹೊತ್ತಿಗೆ ಮಾತ್ರ "ನೀನ್ಯಾರು?"

ಇದು ಎಲ್ಲೂ ಇಲ್ಲದ ಆಸೆಯಲ್ಲ. ಜರ್ಮನಿಯಲ್ಲಿ ದೊಡ್ಡ ಲೀಗಿನ ಬಹುಪಾಲು ಕ್ಲಬ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಓಟು ಸದಸ್ಯರ ಕೈಲೇ ಇರಬೇಕು ಅಂತ ನಿಯಮ ಐತೆ. ಬಂಡವಾಳ ಹಾಕೋರು ಹಾಕ್ಲಿ, ಕೊನೇ ಮಾತು ಸದಸ್ಯರದ್ದು. ನಮ್ಮ ಡೈರಿ ಥರಾನೇ.

ಅದು ಇಲ್ಲದ ಕಡೆ ಏನಾಗುತ್ತೆ ಅಂತಲೂ ನೋಡಿ. ಮಹೀಂದ್ರ ಯುನೈಟೆಡ್ ಅಂತ ಮುಂಬೈ ತಂಡ ಇತ್ತು, 2010ರಲ್ಲಿ ಕಂಪನಿ ಮುಚ್ತು. ಪಂಜಾಬಿನ ಜೆಸಿಟಿ, ಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡ, 2011ರಲ್ಲಿ ಹೋಯ್ತು. ಹೈದರಾಬಾದ್ ಎಫ್‌ಸಿ 2022ರಲ್ಲಿ ಐಎಸ್‌ಎಲ್ ಕಪ್ ಎತ್ತಿದ ತಂಡ. ಯಜಮಾನರು ಬದಲಾದ್ರು, 2025ರಲ್ಲಿ ತಂಡಾನೇ ದಿಲ್ಲಿಗೆ ಎತ್ಕೊಂಡು ಹೋಗಿ ಹೆಸರೂ ಬದಲಾಯಿಸಿದ್ರು. ಬಾಡಿಗೆ ಮನೆ ಖಾಲಿ ಮಾಡಿದಷ್ಟು ಸಲೀಸಾಗಿ! ಅಲ್ಲಿನ ಹುಡುಗರು ಹಳೇ ಜೆರ್ಸಿ ಹಾಕ್ಕೊಂಡು ಈಗ ಯಾರಿಗೆ ಕೂಗಬೇಕು?

ಕೂಗಿದ್ರೆ ಏನಾಗುತ್ತೆ ಅನ್ನೋರಿಗೆ ಇನ್ನೊಂದು ಕತೆ. ಕೋಲ್ಕತ್ತಾದ ಮೋಹನ್ ಬಾಗಾನ್ 1889ರ ಕ್ಲಬ್ಬು. ಹೊಸ ಯಜಮಾನರು ಅದರ ಹೆಸರಿನ ಮುಂದೆ ತಮ್ಮ ಹಳೇ ತಂಡದ "ಎಟಿಕೆ" ಅಂಟಿಸಿದ್ರು. ಅಭಿಮಾನಿಗಳು ವರ್ಷಗಟ್ಟಲೆ ಬಿಡ್ಲಿಲ್ಲ, ಬ್ಯಾನರ್ ಹಿಡಿದ್ರು, ಬೀದಿಗಿಳಿದ್ರು. 2023ರ ಮಾರ್ಚ್ 18ರ ರಾತ್ರಿ ಗೋವಾದಲ್ಲಿ ಅವರು ನಮ್ಮನ್ನೇ ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಗೆದ್ರು. ಅವತ್ತೇ ಯಜಮಾನರು, ಇನ್ನುಮುಂದೆ ಎಟಿಕೆ ಇರಲ್ಲ ಅಂತ ಘೋಷಣೆ ಮಾಡಿದ್ರು. ನಮ್ಮನೇಲಿ ಅವತ್ತು ಯಾರೂ ಊಟ ಮಾಡ್ಲಿಲ್ಲ, ಆ ಸುದ್ದಿ ಮಾತ್ರ ನನಗೆ ನೆನಪಲ್ಲಿ ಉಳೀತು. ಸೋತ ಹೊಟ್ಟೆಯುರಿಯಲ್ಲೂ ಅನ್ನಿಸ್ತು, ಪರವಾಗಿಲ್ಲ, ಕೂಗಿದ್ರೆ ಕೇಳಿಸುತ್ತೆ.

ಫುಟ್‌ಬಾಲ್ ಏನು ಕಂಪನಿಗಳು ತಂದುಕೊಟ್ಟಿದ್ದಾ ಈ ಸೀಮೆಗೆ? 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ಮೇಲೆ ಭಾರತದ ಗೋಲ್ ಹಾಕಿದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನ ನಾಲ್ಕು ಸಲ ಗೆದ್ದಿತ್ತು. ಕರ್ನಾಟಕ ಅನ್ನೋ ಹೆಸರಲ್ಲಿ 2023ರ ಮಾರ್ಚಲ್ಲಿ ಮತ್ತೆ ಗೆದ್ವಿ. ನಮ್ಮ ಮಾವನವರು ಲೈನ್ ಮನೆಗಳ ಮಧ್ಯದ ಜಾಗದಲ್ಲಿ, ಸೈನೈಡ್ ದಿಬ್ಬದ ನೆರಳಲ್ಲಿ, ಬಟ್ಟೆ ಸುತ್ತಿದ ಚೆಂಡು ಒದ್ದು ಬೆಳೆದೋರು. ಆಟ ಜನರ ಹತ್ರ ಮೊದಲೇ ಇತ್ತು. ಕಂಪನಿ ಬಂದು ಅದಕ್ಕೊಂದು ಲಾಂಛನ ಹೊಲಿಸ್ತು.

ಗಣಿಯೂ ಹಂಗೇ ಅಲ್ವಾ? ಮೊದಲು ಲಂಡನ್ನಿನ ಜಾನ್ ಟೇಲರ್ ಕಂಪನಿ ನಡೆಸ್ತು, 1956ರಲ್ಲಿ ರಾಜ್ಯ ಸರ್ಕಾರ, ಆಮೇಲೆ ಕೇಂದ್ರ ಸರ್ಕಾರ. ಯಜಮಾನರು ಬದಲಾಗ್ತಾನೇ ಇದ್ರು, 3 ಕಿಲೋಮೀಟರಿಗೂ ಆಳಕ್ಕೆ ಇಳಿಯೋರು ಮಾತ್ರ ಅದೇ ಜನ. ಮುಚ್ಚೋ ತೀರ್ಮಾನ ಇಳಿಯೋರ ಕೈಲಿರ್ಲಿಲ್ಲ. ಹೊತ್ತಿಗೆ ಮುಂಚೆ ಎದ್ದು ಬೆಂಗಳೂರಿನ ರೈಲು ಹಿಡಿಯೋದು ನಮ್ಮ ಮನೆಗಳಿಗೆ ಅಭ್ಯಾಸ ಆಗಿದ್ದು ಅವತ್ತಿಂದ. ತಂಡ ನಿಲ್ಲೋದೂ ಗಣಿ ನಿಲ್ಲೋದೂ ಒಂದೇ ತೂಕ ಅಂತ ನಾನು ಹೇಳಲ್ಲ, ಅಷ್ಟು ಬುದ್ಧಿ ಐತೆ. ಅಲ್ಲಿ ಹೊಟ್ಟೆ ಹೋಯ್ತು, ಇಲ್ಲಿ ಖುಷಿ ಹೋಗುತ್ತೆ. ಆದ್ರೆ "ನಿನ್ನದು ಅಂತ ನೀನು ಅಂದ್ಕೊಂಡಿದ್ದು ನಿನ್ನದಲ್ಲ" ಅಂತ ಕಾಗದದಲ್ಲಿ ತಿಳಿಸೋ ರೀತಿ ಐತಲ್ಲ, ಅದು ಎರಡು ಕಡೇನೂ ಒಂದೇ.

ಆಟ ಶುರುವಾಯ್ತಲ್ಲ ಅಂತ ಕೇಳಿದೋರಿಗೆ ನನ್ನ ಉತ್ತರ ಇದೇನೇ. ಶುರುವಾಯ್ತು, ಸಂತೋಷ. ನಾಳೆ ಮತ್ತೆ ನಿಲ್ಸಿದ್ರೆ? ಮಾರಿದ್ರೆ? ಬೇರೆ ಊರಿಗೆ ಎತ್ಕೊಂಡು ಹೋದ್ರೆ? ಅವತ್ತು ನಮ್ಮನ್ನ ಕೇಳಬೇಕು ಅನ್ನೋ ನಿಯಮ ಒಂದಾದ್ರೂ ಬಂತಾ? ಬರ್ಲಿಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ಸೀಸನ್ ಟಿಕೆಟ್ ಇರೋರು ಓಟು ಹಾಕಿ ಒಬ್ಬರನ್ನ ಆರಿಸಿ ಕಳಿಸ್ಲಿ, ಅವರಿಗೆ ತಂಡದ ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿ ಕೊಡ್ಲಿ. ಹೆಸರು, ಬಣ್ಣ, ಊರು, ಈ ಮೂರನ್ನ ಅಭಿಮಾನಿಗಳ ಒಪ್ಪಿಗೆ ಇಲ್ಲದೆ ಮಾರೋಕೆ ಆಗದಂಗೆ ಬರೆದಿಡ್ಲಿ. ವರ್ಷಕ್ಕೊಂದು ಸಲ ಡೈರಿ ಸಭೆ ಥರ ಲೆಕ್ಕ ಮುಂದಿಟ್ಟು ಮಾತಾಡ್ಲಿ. ನಷ್ಟ ಇದ್ರೆ ನಷ್ಟ ಅಂತಲೇ ಹೇಳ್ಲಿ. ಕಷ್ಟ ಹೇಳ್ಕೊಂಡ್ರೆ ಯಾರು ಕೈ ಬಿಡ್ತಾರೆ? ನಮ್ಮ ಸಂಘದಲ್ಲಿ ಕಂತು ಕಟ್ಟೋಕಾಗದೋರು ಬಂದು ಬಾಯಿಬಿಟ್ಟು ಹೇಳಿದಾಗ ನಾವು ಯಾರನ್ನಾದ್ರೂ ಆಚೆ ಹಾಕಿದೀವಾ?

ಇಷ್ಟನ್ನೂ ಒಂದು ಕಾಗದದಲ್ಲಿ ಬರೆದಿದೀನಿ. ಒಂದು ಪ್ರತಿ ಯಜಮಾನರಿಗೆ, ಒಂದು ಫೆಡರೇಶನ್ನಿಗೆ. ಮುಂದಿನ ಸಂಘದ ಮೀಟಿಂಗಿಗೆ ತರ್ತೀನಿ. ಚೆಂಡಾಟ ನೋಡದೋರೂ ಸಹಿ ಹಾಕಬಹುದು, ನಿಮ್ಮನೇಲಿ ನೋಡೋ ಮಕ್ಕಳಿದ್ರೆ ಸಾಕು. ರಾತ್ರಿ ಓದಿ ಹೇಳಿದೆ, ಮಾವನವರು ಪೂರ್ತಿ ಕೇಳಿಸ್ಕೊಂಡ್ರು. "ಕಾಗದ ಬರೆದ್ರೆ ಏನಾಗುತ್ತಮ್ಮ" ಅಂದ್ರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಕನ್ನಡಕ ಕೇಳಿ, ಪೆನ್ನು ಈಸ್ಕೊಂಡು, ಎಲ್ಲರಿಗಿಂತ ಮೇಲೆ ಸಹಿ ಹಾಕಿ ಕೊಟ್ರು.