ಗೃಹಾರೋಗ್ಯ: ಕಂಡ ಉಂಬಳ, ಕಾಣದ ಉಣುಗು

ದೀಪಾವಳಿಯು ಮುಗಿದು ಗದ್ದೆಯ ಕೊಯ್ಲು ಆರಂಭವಾಗುವ ಹೊತ್ತಿಗೆ ನಮ್ಮ ಶಿರಸಿ ಸೀಮೆಯ ಮನೆಗಳಿಗೆ ಅತಿಥಿಗಳ ಆಗಮನವೂ ಆರಂಭವಾಗುವದು. ಬೆಂಗಳೂರು, ಹುಬ್ಬಳ್ಳಿ, ಮುಂಬಯಿ ಮೊದಲಾದ ಪಟ್ಟಣಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳು ತಮ್ಮ ಸ್ನೇಹಿತರನ್ನು ಕೂಡಿಕೊಂಡು ಬಂದು, ಬೆನ್ನಿಗೆ ಚೀಲವನ್ನೇರಿಸಿ, ಯಾಣದ ಶಿಖರಗಳನ್ನೋ ಉಂಚಳ್ಳಿಯ ಜಲಪಾತವನ್ನೋ ಮಾಗೋಡಿನ ಕಣಿವೆಯನ್ನೋ ನೋಡಲು ಹೊರಡುವರು. ಇದು ಸಂತೋಷದ ಸಂಗತಿಯು. ಮನೆಯ ಬಾಗಿಲಿನಿಂದ ಅಂಗಡಿಯವರೆಗೂ ವಾಹನವನ್ನೇ ಬಯಸುವ ಈ ಕಾಲದಲ್ಲಿ ನಾಲ್ಕು ಹರದಾರಿ ನಡೆಯಲು ಮನಸ್ಸು ಮಾಡಿದ ತರುಣರನ್ನು ಯಾರು ತಾನೇ ಅಭಿನಂದಿಸದಿರುವರು? ಆದರೆ ಅವರನ್ನು ಕಳುಹಿಸುವ ಮನೆಯವರೂ ಬರಮಾಡಿಕೊಳ್ಳುವ ಮನೆಯವರೂ ತಿಳಿದಿರಬೇಕಾದ ಕೆಲವು ವಿಷಯಗಳುಂಟು. ಈ ತಿಂಗಳು ಅವುಗಳನ್ನೇ ನಿರೂಪಿಸುವೆನು.

ನನ್ನ ತಂಗಿಯ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಅವನು ಒಮ್ಮೆ ಶ್ರಾವಣಮಾಸದಲ್ಲಿ ಮೂವರು ಸ್ನೇಹಿತರೊಡನೆ ಬಂದು ಉಂಚಳ್ಳಿಗೆ ಹೊರಟನು. ಹಾದಿಯಲ್ಲಿ ಎಲ್ಲರ ಕಾಲಿಗೂ ಉಂಬಳ ಹತ್ತಿತು. ರಕ್ತವನ್ನು ಕಂಡು ಬೆದರಿದ ನಾಲ್ವರೂ ಅರ್ಧ ದಾರಿಯಿಂದಲೇ ಹಿಂತಿರುಗಿದರು. "ಮಾವಾ, ಇನ್ನು ಬೇಸಗೆಯಲ್ಲಿಯೇ ಬರುತ್ತೇವೆ" ಎಂದನು ಹುಡುಗನು. ಹಾಗೆಯೇ ಮಾಘಮಾಸದಲ್ಲಿ ಅದೇ ಗುಂಪು ಮರಳಿ ಬಂದಿತು. ಕಾಡು ಒಣಗಿತ್ತು, ಉಂಬಳದ ಸುಳಿವೂ ಇರಲಿಲ್ಲ. ಮೊಣಕಾಲ ಮೇಲಿನ ಚಡ್ಡಿಯನ್ನು ತೊಟ್ಟು ದಿನವೆಲ್ಲ ಅಲೆದು, ಮಧ್ಯಾಹ್ನ ಮರದ ನೆರಳಿನಲ್ಲಿ ದರಕಿನ ಮೇಲೆ ಮಲಗಿ ನಿದ್ದೆಯನ್ನೂ ತೆಗೆದು, ಸಂಜೆಗೆ ನಗುನಗುತ್ತ ಮನೆಗೆ ಬಂದರು. ನಾನು ಅವರನ್ನು ಬಚ್ಚಲಿಗೆ ಕಳುಹಿಸಿ, ಸ್ನಾನಕ್ಕೆ ಮುಂಚೆ ಮೈಯನ್ನೆಲ್ಲ ಬೆಳಕಿನಲ್ಲಿ ನೋಡಿಕೊಳ್ಳಿರೆಂದು ಹೇಳಿದೆನು. ಒಬ್ಬನ ಸೊಂಟದ ಬಳಿ ಗಸಗಸೆ ಕಾಳಿನಷ್ಟು ಚಿಕ್ಕದಾದ ಕಪ್ಪು ಚುಕ್ಕೆಯೊಂದು ಕಂಡಿತು. ಅವನು ಅದನ್ನು ಮಚ್ಚೆಯೆಂದು ತಿಳಿದಿದ್ದನು. ಕನ್ನಡಕ ಹಾಕಿಕೊಂಡು ನೋಡಿದರೆ ಆ ಮಚ್ಚೆಗೆ ಕಾಲುಗಳಿದ್ದವು. ಅದು ಉಣುಗು. ಅದನ್ನು ತೆಗೆದೆವು. ಮುಂದೆ ಎರಡು ವಾರಗಳವರೆಗೆ ಆ ಹುಡುಗನ ತಾಯಿ ದಿನಕ್ಕೆರಡು ಸಾರಿ ಅವನ ಮೈಯ ಬಿಸಿಯನ್ನು ಅಳೆದು ನನಗೆ ತಿಳಿಸುತ್ತಿದ್ದರು. ದೈವಕೃಪೆಯಿಂದ ಜ್ವರ ಬರಲಿಲ್ಲ. ಆ ಹದಿನೈದು ದಿನ ನನಗೂ ಸರಿಯಾಗಿ ನಿದ್ದೆ ಹತ್ತಲಿಲ್ಲವೆಂಬದನ್ನು ಇಲ್ಲಿ ಒಪ್ಪಿಕೊಳ್ಳುವೆನು.

ಇಷ್ಟೊಂದು ಭಯವೇಕೆಂದು ಹೊರಗಿನ ವಾಚಕರು ಕೇಳಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸಮೀಪದ ಹಳ್ಳಿಗರಿಗೆ ಘೋರವಾದ ಜ್ವರ ಬಂದಿತು. ಪುಣೆಯ ವಿಜ್ಞಾನಿಗಳು ಶೋಧಿಸಿ, ಇದು ಹೊಸದೊಂದು ವೈರಾಣುವಿನಿಂದ ಬರುವ ರೋಗವೆಂದೂ, ಉಣುಗಿನ ಕಡಿತದಿಂದ ಹರಡುವದೆಂದೂ ಕಂಡುಹಿಡಿದರು. ಶಾಸ್ತ್ರಜ್ಞರು ಇದನ್ನು ಕ್ಯಾಸನೂರು ಕಾಡಿನ ಕಾಯಿಲೆಯೆಂದು ಕರೆದರೆ, ಜನರು ಮಂಗನ ಕಾಯಿಲೆಯೆಂದು ಕರೆಯುವರು. ಸೊರಬವು ನಮ್ಮ ಸಿದ್ದಾಪುರಕ್ಕೆ ನೆರೆಯ ತಾಲೂಕು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಸುತ್ತಮುತ್ತ ಈ ರೋಗವು ಅನೇಕರನ್ನು ಬಲಿ ತೆಗೆದುಕೊಂಡಿತು. 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನ ಹಳ್ಳಿಗಳಲ್ಲಿ ಹಲವರನ್ನು ಹಾಸಿಗೆ ಹಿಡಿಸಿ ಜೀವಹಾನಿಯನ್ನೂ ಉಂಟುಮಾಡಿತು. ರೋಗ ತಗಲಿದ ನೂರು ಜನರಲ್ಲಿ ಮೂವರಿಂದ ಐವರು ಸಾಯುವರೆಂದು ವೈದ್ಯರ ಅನುಭವವು.

ಮುಖ್ಯವಾದ ಮಾತೆಂದರೆ ಇದರ ಕಾಲವು. ಮಳೆಗಾಲದಲ್ಲಿ ಬೆಳೆದ ಉಣುಗುಗಳು ದನಕರುಗಳ ಮೈಗೆ ಹತ್ತಿ ರಕ್ತ ಕುಡಿದು ನೆಲಕ್ಕೆ ಬಿದ್ದು ಮೊಟ್ಟೆಯಿಡುವವು. ಮಳೆಯು ಹಿಂದೆ ಸರಿದ ಮೇಲೆ ಮರಿಗಳು ಹೊರಬರುವವು. ಅವು ಮತ್ತೊಂದು ಹಂತವನ್ನು ದಾಟಿ, ಸುಮಾರು ನವೆಂಬರದಿಂದ ಮೇ ತಿಂಗಳವರೆಗೆ ಗಸಗಸೆಯಷ್ಟು ಗಾತ್ರದಲ್ಲಿ ದರಕಿನ ಮೇಲೂ ಗಿಡಗಂಟಿಗಳ ತುದಿಯಲ್ಲಿಯೂ ಕಾದು ಕುಳಿತಿರುವವು. ಮನುಷ್ಯನಿಗೆ ಕಾಯಿಲೆ ತರುವವು ಬಹುಮಟ್ಟಿಗೆ ಇವೇ. ಮಂಗವಾಗಲಿ ಮುಸಿಯವಾಗಲಿ ಈ ರೋಗದಿಂದ ಸತ್ತು ಬಿದ್ದರೆ, ಅದರ ಮೈಮೇಲಿನ ಉಣುಗುಗಳು ಅಲ್ಲಿಯೇ ಇಳಿದು ಹರಡುವವು. ಆ ಸ್ಥಳವು ಅತ್ಯಂತ ಅಪಾಯಕಾರಿಯಾಗುವದು. ಹೀಗೆ ಕಾಡಿನಲ್ಲಿ ನಡೆಯಲು ಯಾವ ಋತುವು ಸುಖಕರವೆಂದು ನಾವೆಲ್ಲ ತಿಳಿದಿರುವೆವೋ ಅದೇ ಋತುವು ಉಣುಗಿನ ಋತುವೂ ಆಗಿರುವದು. ಕಡಿಯುವಾಗ ನೋವಿಲ್ಲ, ರಕ್ತ ಸುರಿಯುವದಿಲ್ಲ. ಆದಕಾರಣವೇ ಯಾರೂ ಎಚ್ಚರಗೊಳ್ಳುವದಿಲ್ಲ.

ಇನ್ನು ಉಂಬಳದ ವಿಷಯವು. ಅದು ಕಣ್ಣಿಗೆ ಕಾಣುವದು, ರಕ್ತವನ್ನು ಹರಿಸುವದು, ಹುಡುಗರನ್ನು ಕುಣಿಸುವದು. ಆದರೂ ಅದರಿಂದಾಗುವ ಹಾನಿಯು ಅತ್ಯಲ್ಪವು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಜಲೌಕಾವಚಾರಣೀಯವೆಂಬ ಒಂದು ಅಧ್ಯಾಯವೇ ಇರುವದು. ಅಲ್ಲಿ ಆಚಾರ್ಯರು ಜಿಗಣೆಗಳನ್ನು ಆರು ಸವಿಷವೆಂದೂ ಆರು ನಿರ್ವಿಷವೆಂದೂ ಹನ್ನೆರಡು ವಿಧವಾಗಿ ವಿಂಗಡಿಸಿ, ನಿರ್ವಿಷವಾದವುಗಳನ್ನು ರಕ್ತಮೋಕ್ಷಣದ ಚಿಕಿತ್ಸೆಗೆ ವಿಧಿಸಿರುವರು. ನಮ್ಮ ಕಾಡಿನ ಉಂಬಳವು ನೀರಿನದಲ್ಲ, ನೆಲದ್ದು. ಆದರೆ ಅದೇ ಕುಲದ ಬಂಧು. ಅದರ ಜೊಲ್ಲಿನಲ್ಲಿ ರಕ್ತವನ್ನು ಹೆಪ್ಪುಗಟ್ಟಗೊಡದ ದ್ರವ್ಯವಿರುವದರಿಂದ, ಅದು ಬಿಟ್ಟ ಮೇಲೆಯೂ ಕೆಲವು ಕಾಲ ರಕ್ತ ಒಸರುವದು. ಗಾಬರಿಯಾಗತಕ್ಕದ್ದಿಲ್ಲ. ಹತ್ತಿದ ಉಂಬಳವನ್ನು ಎಳೆದು ಕೀಳದೆ, ಉಗುರಿನ ತುದಿಯನ್ನು ಅದರ ಬಾಯಿಯ ಪಕ್ಕದಲ್ಲಿ ಸರಿಸಿ ಬಿಡಿಸಬೇಕು. ಆಮೇಲೆ ಸಾಬೂನಿನಿಂದ ತೊಳೆದು, ಶುಭ್ರವಾದ ಬಟ್ಟೆಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಉಪ್ಪು, ಸುಣ್ಣ, ಹೊಗೆಸೊಪ್ಪುಗಳನ್ನು ಬೂಟಿಗೂ ಕಾಲುಚೀಲಕ್ಕೂ ಮೊದಲೇ ಸವರಿಕೊಂಡರೆ ಅದು ಹತ್ತುವದು ಕಡಿಮೆಯಾಗುವದು. ಕಚ್ಚಿದ ಸ್ಥಳದಲ್ಲಿ ತುರಿಕೆಯುಂಟಾದರೆ ಕೆರೆಯಬಾರದು. ಹುಣ್ಣಾಗುವದು ಉಂಬಳದಿಂದಲ್ಲ, ನಮ್ಮ ಉಗುರಿನಿಂದ.

ಉಣುಗಿನಿಂದ ರಕ್ಷಣೆಯು ಉಡುಪಿನಿಂದಲೇ ಆರಂಭವಾಗಬೇಕು. ತುಂಬುತೋಳಿನ ಅಂಗಿ, ಪಾದದವರೆಗೆ ಬರುವ ಪ್ಯಾಂಟು ಅವಶ್ಯವು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಕ್ಕೆ ಸೇರಿಸಬೇಕು. ಅಂಗಿಯನ್ನು ಪ್ಯಾಂಟಿನೊಳಗೆ ತೂರಿಸಬೇಕು. ಬಣ್ಣವು ತಿಳಿಯಾಗಿದ್ದರೆ ಹರಿದಾಡುವ ಉಣುಗು ಬೇಗ ಕಣ್ಣಿಗೆ ಬೀಳುವದು. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಡೆಪಾ ಎಂಬ ತೈಲವನ್ನು ಹಂಚುತ್ತಿರುವರು. ಕಾಡಿಗೆ ಹೋಗುವ ಮುನ್ನ ಅದನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಬೇಕು. ಬಾಯಿ, ಕಣ್ಣುಗಳಿಗೆ ತಗಲಬಾರದು. ಊಟಕ್ಕೆ ಮುಂಚೆ ಕೈಯನ್ನು ತೊಳೆಯಬೇಕು. ಕಾಡಿನಲ್ಲಿ ಕುಳಿತುಕೊಳ್ಳಬೇಕಾದರೆ ಬಯಲಿನ ಬಂಡೆಯನ್ನು ಆರಿಸಿಕೊಳ್ಳಿರಿ. ದರಕಿನ ಮೇಲೆ ಕೂಡ್ರುವದೂ ಮಲಗುವದೂ ಸರ್ವಥಾ ಬೇಡ. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಮರಳಿ ಬಂದು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬೇಕು. ಚಿತ್ರ ತೆಗೆಯುವ ಆಸೆಯಿಂದ ಅಲ್ಲಿಗೆ ನಡೆದವರು ತಮಗೆ ತಾವೇ ವೈರಿಗಳು.

ಮನೆಗೆ ಬಂದ ಮೇಲಿನ ಕರ್ತವ್ಯವು ಗೃಹಿಣಿಯರ ಗಮನಕ್ಕೆ ವಿಶೇಷವಾಗಿ ಬರಬೇಕು. ಹೊರಗಿನಿಂದ ಬಂದವರಿಗೆ ಮೊದಲು ಕಾಲು ತೊಳೆಯಲು ನೀರು ಕೊಡುವದು ನಮ್ಮ ಮನೆಗಳ ಹಳೆಯ ಪದ್ಧತಿಯಷ್ಟೆ. ಕಾಡಿನಿಂದ ಬಂದವರನ್ನು ಒಳಗಿನ ಹಾಸಿಗೆಯ ಮೇಲೆ ಕುಳ್ಳಿರಿಸದೆ ನೇರವಾಗಿ ಬಚ್ಚಲಿಗೆ ಕಳುಹಿಸಿರಿ. ತೊಟ್ಟ ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ನೆನೆಸಿರಿ. ಕಿವಿಯ ಹಿಂದೆ, ಕಂಕುಳು, ಸೊಂಟ, ತೊಡೆಯ ಸಂದು, ಮೊಣಕಾಲಿನ ಹಿಂಭಾಗ, ಕೂದಲ ಬುಡ ಇವುಗಳನ್ನು ಬೆಳಕಿನಲ್ಲಿ ಪರೀಕ್ಷಿಸಿರಿ. ಮಕ್ಕಳನ್ನು ತಾಯಂದಿರು ತಾವೇ ನೋಡಬೇಕು. ಉಣುಗು ಅಂಟಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರವಾಗಿ ಹಿಡಿದು, ತಿರುಚದೆ ನೆಟ್ಟಗೆ ಮೆಲ್ಲನೆ ಎಳೆಯಿರಿ. ಸೀಮೆಎಣ್ಣೆ ಸುರಿಯುವದು, ಊದಿನಕಡ್ಡಿಯಿಂದ ಸುಡುವದು, ಬೆರಳುಗಳ ನಡುವೆ ಹಿಸುಕುವದು ಇವು ಮೂರೂ ತಪ್ಪು. ಆಮೇಲೆ ಸಾಬೂನಿನಿಂದ ತೊಳೆದು, ಆ ದಿನದ ತಾರೀಖನ್ನು ಪಂಚಾಂಗದ ಮೇಲೆ ಗುರುತು ಮಾಡಿಡಿರಿ.

ಆ ಗುರುತಿನ ಪ್ರಯೋಜನವು ಹೀಗಿರುವದು. ಕಡಿದ ಮೂರರಿಂದ ಎಂಟು ದಿನಗಳೊಳಗೆ ಸಾಮಾನ್ಯವಾಗಿ ರೋಗವು ತೋರುವದು. ಒಮ್ಮೆಲೇ ಚಳಿಯೊಡನೆ ತೀವ್ರ ಜ್ವರ, ತಲೆನೋವು, ಸೊಂಟ ಮತ್ತು ಮಾಂಸಖಂಡಗಳ ಅಸಹ್ಯ ನೋವು, ಕಣ್ಣು ಕೆಂಪಾಗುವದು, ವಾಂತಿ ಇವು ಲಕ್ಷಣಗಳು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಬರುವದು. ಜ್ವರ ಬಿಟ್ಟು ಒಂದೆರಡು ವಾರಗಳಾದ ಮೇಲೆ ಕೆಲವರಿಗೆ ಮತ್ತೆ ಜ್ವರ ಬಂದು ತಲೆ ತಿರುಗುವದು, ಕೈ ನಡುಗುವದು, ಬುದ್ಧಿ ಮಂಕಾಗುವದು ಕಾಣುವದು. ಪಟ್ಟಣಕ್ಕೆ ಮರಳಿದ ಅತಿಥಿಗೆ ಜ್ವರ ಬಂದರೆ ಅಲ್ಲಿಯ ವೈದ್ಯರಿಗೆ ನಮ್ಮ ಕಾಡು ನೆನಪಾಗದಿರಬಹುದು. "ನಾನು ಇಂಥ ದಿನ ಸಿದ್ದಾಪುರದ ಕಾಡಿನಲ್ಲಿದ್ದೆನು" ಎಂಬ ಒಂದು ವಾಕ್ಯವನ್ನು ರೋಗಿಯೇ ಹೇಳಬೇಕು. ಈ ರೋಗಕ್ಕೆ ಪ್ರತ್ಯೇಕವಾದ ಔಷಧವಿಲ್ಲ. ಹಿಂದೆ ಹಾಕುತ್ತಿದ್ದ ಲಸಿಕೆಯು ಸಾಕಷ್ಟು ಪರಿಣಾಮ ಮಾಡದೆಂದು ಕಂಡುಬಂದು 2022ರಲ್ಲಿ ನಿಂತುಹೋಯಿತು. ಆದರೆ ಬೇಗ ಆಸ್ಪತ್ರೆಗೆ ಸೇರಿ, ಶರೀರದಲ್ಲಿ ನೀರಿನಂಶ ಕುಗ್ಗದಂತೆ ನೋಡಿಕೊಂಡು, ರಕ್ತಸ್ರಾವವನ್ನು ಎಚ್ಚರದಿಂದ ಗಮನಿಸಿದರೆ ಬಹುಜನರು ಗುಣವಾಗುವರು. ಆಸ್ಪಿರಿನ್ ಮೊದಲಾದ ನೋವಿನ ಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸುವ ಸಂಭವವಿರುವದರಿಂದ ಅವುಗಳನ್ನು ತಾವಾಗಿಯೇ ನುಂಗಬಾರದು. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗವಲ್ಲ. ಆದ್ದರಿಂದ ರೋಗಿಯನ್ನಾಗಲಿ ಅವನ ಮನೆಯನ್ನಾಗಲಿ ದೂರವಿಡುವದು ಅಜ್ಞಾನವೂ ಅನ್ಯಾಯವೂ ಆಗಿರುವದು.

ಬೆನ್ನಚೀಲದ ಬಗ್ಗೆ ಎರಡು ಮಾತು. ಒಂದು ದಿನದ ನಡಿಗೆಗೆ ದೇಹಭಾರದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹೊರೆ ಬೇಡ. ಮನೆಯಲ್ಲಿ ಕುದಿಸಿ ಆರಿಸಿದ ನೀರು ಒಬ್ಬೊಬ್ಬನಿಗೆ ಎರಡು ಲೀಟರು, ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಒಂದು ಜೊತೆ ಒಣ ಬಟ್ಟೆ ಮತ್ತು ಕಾಲುಚೀಲ, ಬ್ಯಾಟರಿ, ಚಿಮಟ, ಸಾಬೂನು, ಶುಭ್ರವಾದ ಪಟ್ಟಿ ಬಟ್ಟೆ, ಒಂದು ಊರುಗೋಲು, ಇಷ್ಟು ಸಾಕು. ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಹಳ್ಳದ ನೀರು ತಿಳಿಯಾಗಿ ಕಂಡರೂ ಇಲಿ, ದನಗಳ ಮೂತ್ರ ಸೇರಿ ಇಲಿಜ್ವರಕ್ಕೆ ಕಾರಣವಾಗಬಹುದು, ಕುದಿಸದೆ ಕುಡಿಯಬಾರದು. ಬೆವರಿ ಬಳಲಿದವನಿಗೆ ಒಂದು ಲೀಟರು ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪನ್ನು ಸರಿಯಾಗಿ ಅಳೆದು ಕದಡಿ ಗುಟುಕು ಗುಟುಕಾಗಿ ಕೊಡಬೇಕು. ಹೊಸ ಬೂಟನ್ನು ಹೊರಡುವ ದಿನವೇ ತೊಡಬೇಡಿರಿ; ಹದಿನೈದು ದಿನ ಮುಂಚೆಯೇ ತೊಟ್ಟು ಪಳಗಿಸಿರಿ.

ಊರುಗೋಲಿನ ಉಪಯೋಗವು ಹಾವಿನ ಸಂಬಂಧದಲ್ಲಿಯೂ ಉಂಟು. ದರಕು ಮುಚ್ಚಿದ ಹಾದಿಯಲ್ಲಿ ಮುಂದೆ ಕೋಲೂರಿ ನಡೆದರೆ ಹಾವು ತಾನಾಗಿಯೇ ಸರಿಯುವದು. ಒಂದು ವೇಳೆ ಕಚ್ಚಿದರೆ ಹಗ್ಗದಿಂದ ಬಿಗಿಯುವದು, ಕೊಯ್ಯುವದು, ಬಾಯಿಂದ ಹೀರುವದು ಬೇಡ. ಉಂಗುರ, ಗಡಿಯಾರಗಳನ್ನು ಕಳಚಿ, ಕಚ್ಚಿದ ಅಂಗವು ಅಲುಗದಂತೆ ಕಟ್ಟಿಗೆಯ ಆಸರೆ ಕೊಟ್ಟು, ರೋಗಿಯನ್ನು ನಡೆಯಿಸದೆ ಹೊತ್ತು ಆಸ್ಪತ್ರೆಗೆ ಸಾಗಿಸಬೇಕು. ಮಂತ್ರದಲ್ಲಿ ಕಾಲಹರಣ ಮಾಡಬಾರದೆಂದು ಸಂಸ್ಕೃತ ಓದಿದವನಾದ ನಾನೇ ಹೇಳುತ್ತಿರುವೆನು.

ಕಡೆಗೆ ನೀರು ಮತ್ತು ಕಲ್ಲು. ಉಂಚಳ್ಳಿಯಲ್ಲಿ ಅಘನಾಶಿನಿಯು 116 ಮೀಟರು ಕೆಳಕ್ಕೆ ಧುಮುಕುವದು; ಮಾಗೋಡಿನಲ್ಲಿ ಬೇಡ್ತಿಯು ಅದಕ್ಕಿಂತಲೂ ಆಳಕ್ಕೆ ಇಳಿಯುವದು. ಇಂಥ ಸ್ಥಳಗಳಲ್ಲಿ ಪಾಚಿ ಹಿಡಿದ ಕಲ್ಲು ಎರಡನೆಯ ಅವಕಾಶವನ್ನು ಕೊಡುವದಿಲ್ಲ. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲ್ಗಡೆಯ ಬೆಟ್ಟದಲ್ಲಿ ಸುರಿದ ಮಳೆಯಿಂದ ಹೊಳೆಯು ಒಮ್ಮೆಲೇ ಏರುವದುಂಟು. ಶಾಲ್ಮಲೆಯ ಸಹಸ್ರಲಿಂಗದಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುವ ಮಕ್ಕಳ ಪಾಲಕರು ಇದನ್ನು ನೆನಪಿಡಬೇಕು. ನೀರು ಕೆಂಪಾಗಿ ಕದಡಿ ಕಸಕಡ್ಡಿಯನ್ನು ತರತೊಡಗಿದರೆ ಆ ಕ್ಷಣವೇ ದಡಕ್ಕೆ ಬರಬೇಕು. ಕಣಿವೆಯಲ್ಲಿ ಕತ್ತಲೆಯು ಬೇಗ ಕವಿಯುವದು, ಮೊಬೈಲಿಗೆ ಸಂಪರ್ಕ ಸಿಕ್ಕುವದಿಲ್ಲ. ಆದಕಾರಣ ಅರಣ್ಯ ಇಲಾಖೆಯವರ ಅನುಮತಿ ಬೇಕಾದಲ್ಲಿ ಅದನ್ನು ಪಡೆದು, ಹೋಗುವ ಹಾದಿಯನ್ನೂ ಮರಳುವ ಹೊತ್ತನ್ನೂ ಮನೆಯಲ್ಲಿ ಬರೆದಿಟ್ಟು ಹೊರಡಬೇಕು. ಮಧ್ಯಾಹ್ನ ಒಂದು ಗಂಟೆಯೊಳಗೆ ಗುರಿ ಮುಟ್ಟದಿದ್ದರೆ ಅಲ್ಲಿಂದಲೇ ಹಿಂತಿರುಗುವದು ವಿವೇಕವು.

ವಾಚಕರೇ, ಇದನ್ನೆಲ್ಲ ಓದಿ ಮಕ್ಕಳನ್ನು ಕಾಡಿಗೆ ಕಳುಹಿಸಬಾರದೆಂದು ತಿಳಿಯಬೇಡಿರಿ. ನಮ್ಮ ಅಡಿಕೆ ತೋಟಗಳಿಗಾಗಿ ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವ ಹೆಣ್ಣುಮಕ್ಕಳು ದಿನದಿನವೂ ಇದೇ ಉಣುಗಿನ ನಡುವೆ ದುಡಿಯುತ್ತಿರುವರು. ವಿಹಾರಕ್ಕೆ ಹೋಗುವವನು ಒಂದು ದಿನ ಜಾಗರೂಕನಾಗಿದ್ದರೆ ಸಾಕು. ಅವರು ಬೇಸಗೆಯೆಲ್ಲ ಜಾಗರೂಕರಾಗಿರಬೇಕು. ನಿಮ್ಮ ಅತಿಥಿಗಳಿಗೆ ತೈಲದ ಸೀಸೆಯನ್ನು ತೆಗೆದು ಕೊಡುವಾಗ, ತೋಟಕ್ಕೆ ಬರುವ ಆ ತಾಯಂದಿರಿಗೂ ಒಂದೊಂದು ಸೀಸೆ ದೊರಕಿತೇ ಎಂದು ವಿಚಾರಿಸಿರಿ. ದೊರಕದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ನೀವೇ ತಂದುಕೊಡಿರಿ.

ನನ್ನ ಸೋದರಳಿಯನು ಈ ವರ್ಷವೂ ಬರುವನಂತೆ. ಉದ್ದ ಪ್ಯಾಂಟು ತರುವೆನೆಂದು ಬರೆದಿರುವನು. ಉಂಬಳಕ್ಕೆ ಹೆದರುವದನ್ನು ಬಿಟ್ಟು ಮುಂದಿನ ಶ್ರಾವಣದಲ್ಲಿಯೂ ಬಾ, ಆಗಲೇ ಉಂಚಳ್ಳಿಯ ಸೊಬಗೆಂದು ಉತ್ತರ ಬರೆದಿರುವೆನು. ಇತಿ ಶಮ್.