ರೋಚಕ ಚಿತ್ರಕಥೆ: ವ್ಯಕ್ತಿಯೂ ನೆಲವೂ

ಚಲನಚಿತ್ರದ ಕಥೆಯನ್ನು ಕಾವ್ಯಮೀಮಾಂಸೆಯ ದೃಷ್ಟಿಯಿಂದ ನೋಡುವುದು ಉಚಿತವೆ ಎಂದು ಕೆಲವರು ಕೇಳಬಹುದು. ಜಾತ್ರೆಯ ಟೆಂಟಿನಿಂದ ಹಿಡಿದು ಅಂಗೈಯ ಮೊಬೈಲಿನವರೆಗೆ ಜನಮನವನ್ನು ಆಳುತ್ತಿರುವ ಕಲೆಯನ್ನು ಕಡೆಗಣಿಸುವ ವಿದ್ವತ್ತು ತನ್ನ ಕಾಲಕ್ಕೆ ತಾನೇ ಬೆನ್ನು ತಿರುಗಿಸಿದಂತೆ. ಅದರಲ್ಲಿಯೂ ಮುಂದೇನಾಗುವುದೋ ಎಂಬ ಆತಂಕದಲ್ಲಿ ನೋಡುಗನನ್ನು ಹಿಡಿದಿಡುವ ರೋಚಕ ಕಥೆ, ಜನರು ಥ್ರಿಲ್ಲರ್ ಎಂದು ಕರೆಯುವ ಬಗೆ, ತರುಣ ಲೇಖಕರಿಗೆ ಬಹು ಪ್ರಿಯವಾದುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನರಿಗಾದರೋ ಇದು ಬರಿಯ ಸಾಹಿತ್ಯದ ಪ್ರಶ್ನೆಯಲ್ಲ. ತಮ್ಮ ನೆಲದ ಹೆಸರಿಗೆ ಸಂಬಂಧಿಸಿದ ಪ್ರಶ್ನೆ.

ಗುಟ್ಟನ್ನು ಕೊನೆಯವರೆಗೆ ಬಚ್ಚಿಟ್ಟರೆ ಕುತೂಹಲ ಹುಟ್ಟುತ್ತದೆಂಬುದು ಸಾಮಾನ್ಯ ನಂಬಿಕೆ. ಇದು ಅರ್ಧಸತ್ಯ. ರನ್ನನ ಗದಾಯುದ್ಧವನ್ನು ಓದುವವರಲ್ಲಿ ದುರ್ಯೋಧನನ ಅಂತ್ಯವನ್ನು ಅರಿಯದವರು ಯಾರು? ಆದರೂ ಎದೆ ಬಡಿದುಕೊಳ್ಳುತ್ತದೆ. ಏಕೆಂದರೆ ಕವಿ ಮೊದಲು ಅವನನ್ನು ರಣಭೂಮಿಯಲ್ಲಿ ನಡೆಸಿ, ಗುರುವಿನ, ತಮ್ಮನ, ಗೆಳೆಯನ ಶವಗಳ ಮುಂದೆ ನಿಲ್ಲಿಸಿ, ಅವನ ಪ್ರೀತಿಯನ್ನೂ ಛಲವನ್ನೂ ನಮಗೆ ಪರಿಚಯಿಸಿದ್ದಾನೆ. ಅನಂತರ ವೈಶಂಪಾಯನ ಸರೋವರವನ್ನು ತಂದಿಡುತ್ತಾನೆ. ಆ ಒಂದು ದಿನ ನೀರಿನಲ್ಲಿ ಅಡಗಿದ್ದರೆ ನೆರವು ಬಂದೀತು. ನೆಲೆ ಅವನನ್ನು ಕಾಯಬಲ್ಲದು; ಅವನ ಸ್ವಭಾವ ಅವನನ್ನು ಅಲ್ಲಿರಗೊಡದು. ಭೀಮನ ಮೂದಲೆಯನ್ನು ಕೇಳಿ ಸುಮ್ಮನಿರಬಲ್ಲವನಾಗಿದ್ದರೆ ಅವನು ದುರ್ಯೋಧನನೇ ಅಲ್ಲ. ನೆಲೆಗೂ ಸ್ವಭಾವಕ್ಕೂ ನಡೆಯುವ ಈ ಘರ್ಷಣೆಯೇ ರೋಚಕತೆಯ ಮೂಲ. ಇದನ್ನು ಹತ್ತನೆಯ ಶತಮಾನದಲ್ಲಿಯೇ ತೋರಿಸಿದವನು ಮುಧೋಳದ ಕವಿ. 1997ರವರೆಗೆ ಆ ಊರು ಬಿಜಾಪುರ ಜಿಲ್ಲೆಗೇ ಸೇರಿದ್ದಿತೆಂಬುದನ್ನು ಇಲ್ಲಿನವರು ಮರೆಯಬಾರದು.

ಈ ಅಳತೆಗೋಲಿನಿಂದ ಭೀಮಾತೀರದ ಹೆಸರಿನಲ್ಲಿ ಬಂದ ಕಥೆಗಳನ್ನು ನೋಡಬೇಕು. 'ಭೀಮಾ ತೀರದ ಹಂತಕರು' ಎಂಬ ಪುಸ್ತಕ ಬಂದಿತು. 2012ರಲ್ಲಿ 'ಭೀಮಾ ತೀರದಲ್ಲಿ' ಎಂಬ ಚಲನಚಿತ್ರ ಬಂದಿತು. ಈ ಸೀಮೆಯಲ್ಲಿ ಹಗೆಯ ಕೊಲೆಗಳು ನಡೆದುವೆಂಬುದು ಸುಳ್ಳಲ್ಲ. ನಡೆದುದನ್ನು ಬರೆಯಬಾರದೆನ್ನುವುದು ನ್ಯಾಯವೂ ಅಲ್ಲ. ಆದರೆ ಒಂದು ನದಿಯ ಹೆಸರಿಗೂ ಹಂತಕನೆಂಬ ಪದಕ್ಕೂ ಗಂಟು ಬಿದ್ದುಹೋಯಿತು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಇಂಡಿ ಸಿಂದಗಿಗಳ ಸೀಮೆಯನ್ನು ಮುಟ್ಟಿ, ಕೃಷ್ಣೆಯನ್ನು ಸೇರುವ ಆ ನದಿಯ ದಂಡೆಯಲ್ಲಿ ಕಬ್ಬು ಬೆಳೆಯುವವರುಂಟು, ನಿಂಬೆಯ ತೋಟದವರುಂಟು, ಮಳೆ ಕೈಕೊಟ್ಟಾಗ ಗೋವೆಗೆ ದುಡಿಯಹೋಗುವವರುಂಟು. ಕೋವಿಯ ಸದ್ದಿನಲ್ಲಿ ಇವರ ದನಿ ಕೇಳಿಸದಂತಾಯಿತು. ಪರವೂರಿಗೆ ಓದಹೋದ ಹುಡುಗನು ತನ್ನ ತಾಲೂಕಿನ ಹೆಸರು ಹೇಳಿದೊಡನೆ ಎದುರಿನವನು ಹುಬ್ಬೇರಿಸಿದರೆ, ಆ ಅಪಮಾನದಲ್ಲಿ ಕಥೆಗಾರರ ಪಾಲೂ ಉಂಟು.

ದೋಷವಿರುವುದು ರಕ್ತವನ್ನು ತೋರಿಸಿದುದರಲ್ಲಿ ಅಲ್ಲ, ನೆಲವನ್ನು ಪರದೆಯಂತೆ ಬಳಸಿದುದರಲ್ಲಿ. ರುಮಾಲು, ಜೋಳದ ರೊಟ್ಟಿ, ನಾಲ್ಕು ಬೈಗುಳ ಇವು ಲೋಕವಲ್ಲ, ವೇಷ. ಒಂದು ಊರಿನಲ್ಲಿ ಮನುಷ್ಯನು ಯಾವುದನ್ನು ಮಾಡಬಲ್ಲ, ಯಾವುದನ್ನು ಮಾಡಲಾರ, ಮಾಡಿದರೆ ಯಾರಿಗೆ ಉತ್ತರ ಹೇಳಬೇಕು ಎಂಬ ಕಟ್ಟುಪಾಡೇ ಲೋಕ. ಕ್ಷೇಮೇಂದ್ರನು ಔಚಿತ್ಯವೆಂದುದು ಇದಕ್ಕೂ ಸಲ್ಲುತ್ತದೆ.

ಪ್ರೇಕ್ಷಕನು ವೇಗವನ್ನು ಬಯಸುತ್ತಾನೆ, ಊರಿನ ವಿವರ ಹೆಚ್ಚಿದರೆ ಕಥೆ ಕುಂಟುತ್ತದೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ವಿವರಗಳ ಸಂತೆಯನ್ನೇ ನೆರೆಸಿ ಒಬ್ಬ ಜೀವಂತ ಮನುಷ್ಯನನ್ನೂ ತೋರಿಸದ ಕಥೆಗಳೂ ಉಂಟು. ಆದಕಾರಣ ನಿಯಮವಿಷ್ಟೆ: ಪಾತ್ರದ ಕೈಕಟ್ಟುವ ಅಥವಾ ಕಾಲುನೂಕುವ ವಿವರ ಇರಲಿ, ಉಳಿದುದು ಹೋಗಲಿ.

ಒಂದು ಕಲ್ಪಿತ ನಿದರ್ಶನವನ್ನು ನೋಡಬಹುದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕೃಷ್ಣೆಯ ದಂಡೆಯ ಅನೇಕ ಊರುಗಳು ಮುಳುಗಿದುವು. ಅಂಥ ಒಂದು ಊರಿನಲ್ಲಿ ಅಣ್ಣನು ತಮ್ಮನ ಪಾಲಿನ ಪರಿಹಾರವನ್ನೂ ಕಳ್ಳ ರುಜುವಿನಿಂದ ಪಡೆದು ತಂಗಿಯ ಮದುವೆ ಮಾಡಿದ್ದಾನೆ. ಕಾಗದ ತೊಲೆಯ ಸಂದಿನಲ್ಲಿದೆ. ಗೋವೆಯಿಂದ ಬಂದ ತಮ್ಮನು ನೀರು ಏರುವ ಮುನ್ನ ತೊಲೆಗಳನ್ನು ಕಳಚಿ ಹೊಸ ಊರಿಗೆ ಸಾಗಿಸಬೇಕೆನ್ನುತ್ತಾನೆ. ಅಣ್ಣನು ಬೇಡವೆಂದರೆ ಸಂಶಯ, ಒಪ್ಪಿದರೆ ಸರ್ವನಾಶ. ಪ್ರೇಕ್ಷಕನಿಗೆ ಎಲ್ಲವೂ ಮೊದಲೇ ಗೊತ್ತು. ಆದರೂ ಒಂದೊಂದು ತೊಲೆ ಇಳಿದಂತೆ ಅವನ ಉಸಿರು ಬಿಗಿಯುತ್ತದೆ. ಇಲ್ಲಿ ಕೋವಿಯಿಲ್ಲ, ಖಳನೂ ಇಲ್ಲ. ನೀರೇ ಗಡಿಯಾರ, ಮನೆಯೇ ಸಾಕ್ಷಿ, ಅಣ್ಣನ ಮರ್ಯಾದೆಯ ಭಯವೇ ಕಥೆಯ ಯಂತ್ರ. ಈ ಕಥೆಯನ್ನು ಬೇರೆ ಸೀಮೆಗೆ ಸುಮ್ಮನೆ ಎತ್ತಿ ಇಡಲಾಗದು.

ಕರಾವಳಿಯವರು ಇದನ್ನು ಸಾಧಿಸಿ ತೋರಿಸಿದ್ದಾರೆ. 2022ರ 'ಕಾಂತಾರ'ದಲ್ಲಿ ದೈವದ ನಂಬಿಕೆ, ಭೂಮಿಯ ಒಡೆತನ, ನಾಯಕನ ಒರಟು ಸ್ವಭಾವ ಮೂರೂ ಒಂದೇ ಹಗ್ಗದ ಎಳೆಗಳು. ಒಂದನ್ನು ಬಿಡಿಸಿದರೆ ಮೂರೂ ಬಿಚ್ಚುತ್ತವೆ. ಕರಾವಳಿಗೆ ಒಂದು ಲೋಕ ದೊರೆತು, ಭೀಮಾತೀರಕ್ಕೆ ಬರಿಯ ಕೋವಿ ದೊರೆತುದೇಕೆ? ಇಲ್ಲಿನ ಕಥೆಯನ್ನು ಇಲ್ಲಿನವರು ಬರೆಯಲು ಮುಂದಾಗದೆ ಇದ್ದುದೂ ಒಂದು ಕಾರಣ.

ಇದಕ್ಕೆ ದಾರಿಯನ್ನು ಹಿರಿಯರೇ ಹಾಕಿಕೊಟ್ಟಿದ್ದಾರೆ. ಆಗ ಇಂಡಿ ತಾಲೂಕಿಗೆ ಸೇರಿದ್ದ, ಇಂದು ಚಡಚಣ ತಾಲೂಕಿನಲ್ಲಿರುವ ಹಲಸಂಗಿಯ ಗೆಳೆಯರು, ಮಧುರಚೆನ್ನ ಸಿಂಪಿ ಲಿಂಗಣ್ಣ ಮೊದಲಾದವರು, ಬೀಸುಕಲ್ಲಿನ ಮುಂದಿನ ಹಾಡುಗಳನ್ನು ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಅವರು ಮೊದಲು ಕಿವಿಗೊಟ್ಟರು, ಅನಂತರ ಬರೆದರು. ಇಂದಿನ ಅಧ್ಯಾಪಕರು ವಿದ್ಯಾರ್ಥಿಗಳನ್ನು ಮುಳುಗಡೆಯ ಪುನರ್ವಸತಿ ಕೇಂದ್ರಗಳಿಗೆ, ಸಂತೆಗೆ, ನ್ಯಾಯಾಲಯದ ಅಂಗಳಕ್ಕೆ ಕಳುಹಿಸಿ ಹಿರಿಯರ ಮಾತನ್ನು ಬರೆದುಕೊಳ್ಳಲು ಹಚ್ಚಲಿ. ದಾನಿಗಳು ಕಟ್ಟಡಕ್ಕೆ ಕೊಡುವಂತೆ ಒಂದು ಚಿತ್ರಕಥೆಯ ಕಮ್ಮಟಕ್ಕೂ ಕೈ ನೀಡಲಿ. ಹೊರಗೆ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತಾವು ಬಿಟ್ಟುಹೋದ ಊರಿನ ನೆನಪುಗಳನ್ನು ಬರೆದು ಕಳುಹಿಸಲಿ. ನೆಲದ ಹೆಸರಿಗೆ ಅಂಟಿದ ಕಲೆಯನ್ನು ಪ್ರತಿಭಟನೆ ತೊಳೆಯಲಾರದು. ಅದಕ್ಕಿಂತ ಒಳ್ಳೆಯ ಕಥೆಯೊಂದು ತೊಳೆಯಬಲ್ಲದು.